ಜೇನಿನ ಪಟ್ಟಿ, ಪಟಿಕದ ಕಲ್ಲು

"ಕಾಲು ಎಳ್ಕೋಬೇಡಿ ಮಾವ. ಇಲ್ಲಿ ನಾನು ನಿಮ್ಮ ಸೊಸೆ ಅಲ್ಲ, ನರ್ಸು" ಎನ್ನುತ್ತ ಸೊಸೆ ಪಟ್ಟಿಯ ಕೊನೆಯ ಸುತ್ತನ್ನು ಬಿಚ್ಚಿದಳು.

"ಎಲ್ಲಿದ್ರೂ ಸೊಸೆ ಸೊಸೇನೇ" ಎಂದರು ಮೇಷ್ಟ್ರು, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ. "ನನ್ನ ಕಾಲಿನ ಕೀವು ಒರೆಸ್ಲಿ ಅಂತ ನಿನ್ನನ್ನ ಮನೆ ತುಂಬಿಸ್ಕೊಂಡ್ವಾ?"

"ಮನೇಲಿ ನೀವು ಹೇಳಿದ್ದನ್ನ ನಾನು ಕೇಳ್ತೀನಲ್ಲ. ಇಲ್ಲಿ ನಾನು ಹೇಳಿದ್ದನ್ನ ನೀವು ಕೇಳಿ. ಅಲ್ಲಿಗೆ ಲೆಕ್ಕ ಸಮ."

ಮೇಷ್ಟ್ರು ಯಾವ ಶಾಲೆಯಲ್ಲಿಯೂ ಪಾಠ ಹೇಳಿದವರಲ್ಲ. ಪೇಟೆಬೀದಿಯ ತಿರುವಿನಲ್ಲಿ ಅವರದೊಂದು ಕ್ಷೌರದಂಗಡಿ. ಕುರ್ಚಿಯಲ್ಲಿ ಕುಳಿತವನ ಕೊರಳಿಗೆ ಬಿಳಿಯ ಬಟ್ಟೆ ಕಟ್ಟಿದೊಡನೆ ಅವರ ಉಪದೇಶ ಆರಂಭವಾಗುತ್ತಿತ್ತು. ಒಬ್ಬರಿಗೆ ಬಳಸಿದ ಬ್ಲೇಡನ್ನು ಇನ್ನೊಬ್ಬರಿಗೆ ಬಳಸುವ ಕ್ಷೌರಿಕರ ನೀಚತನ, ಸರದಿ ತಪ್ಪಿಸಿ ಮುಂದೆ ನುಗ್ಗುವವರ ನಾಚಿಕೆಗೇಡಿತನ, ಮಾತು ಕೊಟ್ಟು ಮರೆಯುವವರ ಸೋಗು, ಇವೆಲ್ಲವನ್ನೂ ಅವರು ಕತ್ತರಿಯ ತಾಳಕ್ಕೆ ಸರಿಯಾಗಿ ಖಂಡಿಸುತ್ತಿದ್ದರು. ಕತ್ತಿಯ ಕೆಳಗೆ ಗಂಟಲನ್ನಿಟ್ಟವನು ಎದುರಾಡುವುದುಂಟೆ? ಹೀಗಾಗಿ ಗಿರಾಕಿಗಳೇ ಅವರಿಗೆ 'ಕತ್ತರಿ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಅದು ಅಣಕವಾಗಿ ಹುಟ್ಟಿ, ಬರಬರುತ್ತ ಗೌರವವಾಗಿ ಬೆಳೆದ ಹೆಸರು.

ಆಯುಷ್ಯವೆಲ್ಲ ನಿಂತೇ ದುಡಿದ ಕಾಲುಗಳು ಅವರವು. ರಕ್ತ ಮೇಲೇರದೆ ಕಣಕಾಲಿನಲ್ಲೇ ತಂಗಿ, ಚರ್ಮ ಕಪ್ಪಿಟ್ಟು ತೆಳುವಾಗಿತ್ತು. ಒಂದು ದಿನ ಕುರ್ಚಿಯ ಪಾದಪಟ್ಟಿಯ ಅಂಚು ತಗುಲಿ ಎಡಪಾದದ ಗಂಟಿನ ಒಳಮಗ್ಗುಲಲ್ಲಿ ಸಣ್ಣ ತರಚು ಆಯಿತು. ಆ ತರಚು ತಿಂಗಳ ಮೇಲೆ ತಿಂಗಳು ಬೆಳೆದು, ಅಂಗೈಯ ಗುಳಿಯಷ್ಟು ಅಗಲದ ಹುಣ್ಣಾಗಿ ಕುಳಿತಿತ್ತು.

ಸೊಸೆ ಬಗ್ಗಿ ನೋಡಿದಳು. ಹುಣ್ಣಿನ ತಳ ಬೂದುಬಣ್ಣಕ್ಕೆ ತಿರುಗಿತ್ತು. ಅಂಚು ಸುಟ್ಟ ಹಾಗೆ ಬಿರುಸಾಗಿತ್ತು. ಅಲ್ಲಲ್ಲಿ ಬಿಳಿಯ ಪುಡಿಯಂಥದ್ದು ಅಂಟಿಕೊಂಡಿತ್ತು. ಅವಳು ಆ ಪುಡಿಯನ್ನು ಬೆಳಕಿಗೆ ಹಿಡಿದು ನೋಡಿ, ಏನೆಂದು ತಿಳಿಯದೆ ಹುಬ್ಬು ಗಂಟಿಕ್ಕಿದಳು.

ಬಾಗಿಲಲ್ಲಿ ಡಾಕ್ಟರು ಕಾಣಿಸಿಕೊಂಡರು. ಬಡಾವಣೆಯ ಆ ಸಣ್ಣ ಆಸ್ಪತ್ರೆಗೆ ಅವರೊಬ್ಬರೇ ಡಾಕ್ಟರು, ಸಾವಧಾನದ ಮನುಷ್ಯ. ಹುಣ್ಣನ್ನು ನೋಡಿ, ಪಾದದ ನಾಡಿ ಮುಟ್ಟಿದರು.

"ಸಕ್ಕರೆ ಕಾಯಿಲೆ ಇಲ್ಲ. ಪಾದಕ್ಕೆ ರಕ್ತ ಚೆನ್ನಾಗಿ ಇಳೀತಿದೆ. ಪಟ್ಟಿ ಬಿಗಿಯಾಗಿ ಸುತ್ತಿದ್ದೀರಿ. ಇಷ್ಟು ಹೊತ್ತಿಗೆ ಅಂಚು ಸ್ವಲ್ಪವಾದ್ರೂ ಒಳಗೆ ಸರೀಬೇಕಿತ್ತು" ಎಂದು ಸೊಸೆಗೆ ಹೇಳಿ, ಮೇಷ್ಟ್ರ ಕಡೆಗೆ ತಿರುಗಿದರು. "ತಿಂಗಳ ಕೊನೆವರೆಗೂ ನೋಡೋಣ. ಆಗ್ಲೂ ಹೀಗೇ ಇದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ. ತೊಡೆಯಿಂದ ಚರ್ಮ ತೆಗೆದು ಇಲ್ಲಿ ಕೂರಿಸ್ತಾರೆ. ಅಂಗಡಿ ಬಾಗಿಲು ಮಾತ್ರ ಬಹಳ ದಿನ ಮುಚ್ಚಿರ್ಬೇಕಾಗುತ್ತೆ."

ಅಂಗಡಿಯ ಬಾಗಿಲು ಮುಚ್ಚುವ ಮಾತು ಮೇಷ್ಟ್ರ ಎದೆಗೆ ನಾಟಿತು. ಮುಚ್ಚಿದ ಅಂಗಡಿಯ ಗಿರಾಕಿ ಇನ್ನೊಂದು ಅಂಗಡಿಯ ಕುರ್ಚಿಗೆ ಒಗ್ಗಿಹೋಗುತ್ತಾನೆ, ಮತ್ತೆ ಹಿಂದಿರುಗುವುದಿಲ್ಲ. ಆದರೆ ಡಾಕ್ಟರು ಹೊರಗೆ ಹೋದ ಮೇಲೆ ಸೊಸೆಯ ಮುಖ ಸಪ್ಪಗಾದದ್ದನ್ನೂ ಅವರು ಕಂಡರು. ಜೇನಿನ ಚಿಕಿತ್ಸೆ ಮಾಡೋಣವೆಂದು ಡಾಕ್ಟರನ್ನು ಒಪ್ಪಿಸಿದ್ದವಳು ಅವಳೇ. ಅದು ಅಡುಗೆಮನೆಯ ಸೀಸೆಯ ಜೇನಲ್ಲ. ಗಾಯಕ್ಕೆಂದೇ ಸೋಸಿ, ಕ್ರಿಮಿಗಳನ್ನು ಕೊಂದು, ಟ್ಯೂಬಿನಲ್ಲಿ ತುಂಬಿ ಮುಚ್ಚಿದ ಜೇನು. ಅವಳು ಹುಣ್ಣನ್ನು ತೊಳೆದು, ಜಾಳು ಬಟ್ಟೆಯ ಮೇಲೆ ಜೇನನ್ನು ಹರಡಿ, ಮೃದುವಾಗಿ ಹಾಸಿ, ಹತ್ತಿಯ ಮೆತ್ತೆಯಿಟ್ಟು, ಬೆರಳಬುಡದಿಂದ ಮೊಣಕಾಲಿನ ಕೆಳಗಿನವರೆಗೆ ಪಟ್ಟಿಯನ್ನು ಬಿಗಿಯಾಗಿ ಸುತ್ತಿದಳು.

"ನಾಳಿದ್ದು ಬನ್ನಿ. ಅಲ್ಲಿವರೆಗೂ ಬಿಚ್ಬೇಡಿ. ಒದ್ದೆ ಅನ್ಸಿದ್ರೂ ಬಿಚ್ಬೇಡಿ."

"ಆಗ್ಲಮ್ಮ" ಎಂದರು ಮೇಷ್ಟ್ರು. ಅದು ಸುಳ್ಳಾಗಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು ಅವರು ಮೊದಲು ಮಾಡಿದ ಕೆಲಸ, ಎಂದಿನಂತೆ, ಎಲ್ಲ ಸಾಮಾನೂ ಒಣಗಿದೆಯೇ ಎಂದು ನೋಡುವುದು. ಬ್ರಷ್ಷು ಕೂದಲು ಕೆಳಗಾಗಿ ತೂಗುತ್ತಿತ್ತು, ಒಣಗಿತ್ತು. ಕತ್ತಿಯ ಹಿಡಿಯ ಸಂದಿನಲ್ಲಿ ಹನಿಯಿರಲಿಲ್ಲ. ತಂತಿಯ ಮೇಲಿನ ಬಟ್ಟೆಗಳು ಹಪ್ಪಳದಂತೆ ಗರಿಗರಿಯಾಗಿದ್ದವು. ಅವರ ಕಸುಬಿನ ಧರ್ಮವೆಲ್ಲ ಈ ಒಣಗುವಿಕೆಯ ಮೇಲೆ ನಿಂತಿತ್ತು. ಒದ್ದೆ ಬಿಟ್ಟರೆ ಕತ್ತಿಗೆ ತುಕ್ಕು, ಬ್ರಷ್ಷಿಗೆ ಬೂಷ್ಟು, ಬಟ್ಟೆಗೆ ಮುಗ್ಗಲು ವಾಸನೆ. ಗಿರಾಕಿಯ ಗಲ್ಲದಲ್ಲಿ ಗೀರು ಬಿದ್ದರೂ ಅಷ್ಟೆ: ಬಿಳಿಯ ಪಟಿಕದ ಕಲ್ಲನ್ನು ನೀರಿಗದ್ದಿ ಒಮ್ಮೆ ಉಜ್ಜಿದರೆ ರಕ್ತ ನಿಲ್ಲುತ್ತದೆ, ಗಾಯ ಒಣಗುತ್ತದೆ, ಗಿರಾಕಿ ನಗುತ್ತ ಎದ್ದು ಹೋಗುತ್ತಾನೆ. ಹೀಗೆ ಅವರು ಒಣಗಿಸಿದ ಗಲ್ಲಗಳಿಗೆ ಲೆಕ್ಕವಿರಲಿಲ್ಲ.

ಅಂಥವರು ತಮ್ಮ ಕಾಲಿನ ಹುಣ್ಣನ್ನು ಅಂಟಂಟು ಜೇನಿನೊಳಗೆ ಒದ್ದೆಯಾಗಿ ಬಿಟ್ಟುಕೊಂಡು ತಿರುಗುವುದು ಹೇಗೆ? ಪಟ್ಟಿಯ ಕೆಳಗೆ ತೇವ ಜಿನುಗುತ್ತಿರುವುದು ತಿಳಿದಾಗಲೆಲ್ಲ ಅವರ ಜೀವ ಚಡಪಡಿಸುತ್ತಿತ್ತು. ಕಣ್ಣೆದುರಿನಲ್ಲೇ ಯಾರೋ ಕತ್ತಿಯನ್ನು ಒರೆಸದೆ ಮಡಿಸಿಟ್ಟ ಹಾಗೆ.

ಅವರು ಪರದೆಯ ಹಿಂದೆ ಹೋಗಿ ಸದ್ದಾಗದಂತೆ ಮೆಲ್ಲಗೆ ಕುಳಿತರು. ಪಟ್ಟಿಯನ್ನು ಬಿಚ್ಚಿದರು. ಜೇನನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ತೆಗೆದರು. ಜೇಬಿನಿಂದ ಪಟಿಕದ ಕಲ್ಲನ್ನು ತೆಗೆದು, ಅದ್ದಿ, ಹಲ್ಲು ಕಚ್ಚಿಕೊಂಡು ಹುಣ್ಣಿನ ಮೇಲೆ ಉಜ್ಜಿದರು. ಉರಿ ಮೊಣಕಾಲಿನವರೆಗೆ ಏರಿತು. ಹಳೆಯ ಪತ್ರಿಕೆಯಿಂದ ಗಾಳಿ ಹಾಕಿಕೊಂಡು, ಚೆನ್ನಾಗಿ ಒಣಗಿತೆಂದು ಸಮಾಧಾನವಾದ ಮೇಲೆ ಸೊಸೆಯ ಸುತ್ತುಗಳನ್ನೇ ಅನುಸರಿಸಿ ಪಟ್ಟಿ ಕಟ್ಟಿದರು. ಕೊರಳಿಗೆ ಬಟ್ಟೆ ಕಟ್ಟಿ ಪಳಗಿದ ಕೈ. ಬಿಚ್ಚಿದ ಗುರುತೇ ಉಳಿಯಲಿಲ್ಲ.

ಸೊಸೆಯ ಮನಸ್ಸನ್ನು ನೋಯಿಸಬಾರದೆಂದು ಹೇಳದೆ ಮಾಡುತ್ತಿದ್ದೇನೆ ಎಂಬುದು ಅವರು ತಮಗೆ ಕೊಟ್ಟುಕೊಂಡಿದ್ದ ಸಮಜಾಯಿಷಿ. ಸತ್ಯವನ್ನು ಬೀದಿಗೆಲ್ಲ ಬೋಧಿಸುವ ಮನುಷ್ಯ ಸ್ವಂತ ಕಾಲಿಗೆ ಸುಳ್ಳನ್ನು ಸುತ್ತಿಕೊಂಡು ತಿರುಗುವುದಕ್ಕೆ ಆ ಸಮಜಾಯಿಷಿ ಸಾಕೇ? ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಮೇಷ್ಟ್ರು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕಿವಿಯ ಸುತ್ತ ಕತ್ತರಿಯಾಡಿಸುತ್ತ, ಎಷ್ಟು ಹೊತ್ತು ಬೈಯುತ್ತಿದ್ದರೋ!

ಆ ಹೊತ್ತಿಗೆ ಮೊದಲ ಗಿರಾಕಿ ಬಂದಾಗಿತ್ತು. ಅವನು ನಿವೃತ್ತ ಬಸ್ ಕಂಡಕ್ಟರ್. ಒಮ್ಮೆ ಆರಂಭವಾದರೆ ಆರಿಸಲು ಗುಂಡಿಯೇ ಇಲ್ಲವೆಂದು ಎಲ್ಲರೂ ಅವನನ್ನು 'ರೇಡಿಯೊ' ಎನ್ನುತ್ತಿದ್ದರು.

"ಏನ್ ಗುರುವೇ, ಕಾಲಿಗೆ ಜೇನು ಹಚ್ಕೊಂಡಿದ್ದೀಯಂತೆ? ಇರುವೆ ಮುತ್ಕೊಂಡ್ರೆ ಹೇಳು, ನಾನು ಊದ್ತೀನಿ."

"ನೀನು ಬಾಯಿ ತೆರೆದ್ರೆ ಇರುವೆ ಅಲ್ಲ, ಆನೆ ಹಾರ್ಕೊಂಡು ಹೋಗುತ್ತೆ. ತಲೆ ಬಗ್ಸು."

ಗಾಯವೊಂದು ಕಣ್ಣಿಗೆ ಬಿದ್ದರೆ ಸಾಕು, ಹಾದಿಯಲ್ಲಿ ಹೋಗುವವರಿಗೆಲ್ಲ ವೈದ್ಯವಿದ್ಯೆ ನೆನಪಾಗುತ್ತದೆ. ಒಬ್ಬ ಬೂದಿ ಹಚ್ಚೆಂದಿದ್ದ, ಇನ್ನೊಬ್ಬ ಹಲ್ಲುಪುಡಿ ತಂದುಕೊಟ್ಟಿದ್ದ. ಇವರಲ್ಲಿ ಯಾರೂ ಮೇಷ್ಟ್ರ ಒಂದು ಕ್ಷಣದ ನೋವನ್ನೂ ಹೊತ್ತವರಲ್ಲ. ಅಂದು ಬೆಂಚಿನಲ್ಲಿ ಕುಳಿತಿದ್ದ ಬಟ್ಟೆ ವ್ಯಾಪಾರಿಯಂತೂ, ವಾಸನೆಗೆ ಕರವಸ್ತ್ರವನ್ನು ಮೂಗಿಗೊತ್ತಿಕೊಂಡು, ಅದರ ಹಿಂದಿನಿಂದಲೇ ತೀರ್ಪು ಕೊಟ್ಟ.

"ಆ ಹುಡುಗಿ ಕೈಗೆ ಕಾಲು ಕೊಟ್ಟು ಕೂತಿದ್ದೀರಲ್ಲ ಮೇಷ್ಟ್ರೇ. ಕೆಲಸ ಕಲಿಯೋಕೆ ಅವಳಿಗೆ ಮಾವನ ಕಾಲೇ ಸಿಕ್ತಾ? ಇಷ್ಟು ದಿನವಾದ್ರೂ ವಾಸಿಯಾಗ್ಲಿಲ್ಲ ಅಂದ್ರೆ ತಪ್ಪು ಎಲ್ಲಿದೆ ಅಂತ ಗೊತ್ತಾಗಲ್ವಾ?"

ಕತ್ತರಿ ನಿಂತಿತು. ಇನ್ನೇನು ಸಿಡಿಲು ಎರಗುತ್ತದೆಂದು ರೇಡಿಯೊ ಕಣ್ಣು ಮುಚ್ಚಿಕೊಂಡ. ಮನೆಯ ಹೆಣ್ಣುಮಗಳ ಬಗ್ಗೆ ಹಗುರವಾಗಿ ಮಾತನಾಡಿದವನನ್ನು ಅರ್ಧ ಕ್ಷೌರದಲ್ಲೇ ಎಬ್ಬಿಸಿ ಕಳಿಸಿದ ಇತಿಹಾಸ ಆ ಅಂಗಡಿಗಿತ್ತು. ಆದರೆ ಮೇಷ್ಟ್ರು ಬಾಯಿ ಬಿಡಲಿಲ್ಲ. ಜೇಬಿನ ಕಲ್ಲು ತೊಡೆಗೆ ತಾಗುತ್ತಿತ್ತು. ಕತ್ತರಿ ಮತ್ತೆ ಓಡಿತು.

"ಇವತ್ತು ಪಾಠ ಇಲ್ವಾ ಮೇಷ್ಟ್ರೇ?" ಎಂದು ರೇಡಿಯೊ ಕನ್ನಡಿಯಲ್ಲಿ ಅವರ ಮುಖ ನೋಡಿ ಮೆಲ್ಲಗೆ ಕೇಳಿದ. ಮೇಷ್ಟ್ರು ಅವನ ತಲೆಯನ್ನು ಇನ್ನಷ್ಟು ಬಗ್ಗಿಸಿದರು.

ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದಾಗ ಹಜಾರದಲ್ಲಿ ಯಾರೂ ಇರಲಿಲ್ಲ. ಮಗ ಲಾರಿ ತೆಗೆದುಕೊಂಡು ಹೊರಟು ವಾರವಾಗಿತ್ತು. ಅಡುಗೆಮನೆಯಲ್ಲಿ ಅತ್ತೆ ಸೊಸೆ ಮಾತನಾಡುತ್ತಿದ್ದರು. ಮೇಷ್ಟ್ರು ಚಪ್ಪಲಿ ಕಳಚುತ್ತ ಬಾಗಿದವರು ಹಾಗೆಯೇ ನಿಂತರು.

"ನಾಳೆಯಿಂದ ಮಾವನ ಪಟ್ಟಿ ಬೇರೆ ನರ್ಸ್ ಕಟ್ಲಿ ಅಂತ ಡಾಕ್ಟರಿಗೆ ಹೇಳ್ಬಿಟ್ಟೆ ಅತ್ತೆ."

"ಯಾಕೇ? ಏನಾದ್ರೂ ಅಂದ್ರಾ ಅವರು? ಅವರ ಬಾಯಿಗೆ ಬೀಗ ಇಲ್ಲ ಅನ್ನೋದು ನಿಂಗೆ ಗೊತ್ತೇ ಇದೆಯಲ್ಲ. ನಾನು ಇಷ್ಟು ವರ್ಷ ಕಿವೀಲಿ ಹತ್ತಿ ಇಟ್ಕೊಂಡು ಬದುಕಿಲ್ವಾ?"

"ಅಯ್ಯೋ, ಅವರು ಒಂದು ಮಾತೂ ಅಂದಿಲ್ಲ. ಅದಕ್ಕೇ ಇನ್ನೂ ಸಂಕಟ ಆಗೋದು." ಸೊಸೆಯ ದನಿ ಒಡೆಯಿತು. "ಬೇರೆ ಟ್ಯೂಬ್ ತಗೊಂಡೆ, ಬೇರೆ ಬಟ್ಟೆ ಹಾಕ್ದೆ, ತೊಳೆಯೋ ನೀರೂ ಬದಲಾಯಿಸ್ದೆ. ಬೇರೆಯವರಿಗೆಲ್ಲ ಕೂಡ್ಕೊಂಡು ಬರ್ತಿರೋ ಗಾಯ ಮಾವನಿಗೆ ಮಾತ್ರ ಸುಟ್ಟ ಹಾಗಾಗ್ತಿದೆ. ನನ್ನ ಕೈಯಲ್ಲೇ ಏನೋ ತಪ್ಪಾಗ್ತಿದೆ ಅತ್ತೆ. ಇವತ್ತು ಒಂದು ಮಗುಗೆ ಪಟ್ಟಿ ಕಟ್ಟೋವಾಗ ನನ್ನ ಕೈ ನಡುಗಿತು."

ಕೈ ನಡುಗುವುದೆಂದರೇನೆಂದು ಮೇಷ್ಟ್ರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಕತ್ತಿ ಹಿಡಿಯುವವನಿಗೆ ಬೇರೆ ಆಸ್ತಿಯಿಲ್ಲ, ಕೈಯೊಂದೇ. ಅದರ ಮೇಲಿನ ನಂಬಿಕೆ ಒಮ್ಮೆ ಕಳೆದರೆ, ಎದುರಿಗೆ ಬಂದ ಪ್ರತಿ ಗಲ್ಲವೂ ಹೆದರಿಸುತ್ತದೆ. ತನ್ನ ಕಾಲು ಕೆಟ್ಟರೆ ಕೆಡಲಿ. ಆದರೆ ಆ ಮಗುವಿನ ಎದುರು ನಡುಗಿದ ಕೈಯನ್ನು ಕೆಡಿಸಿದವರು ಯಾರು? ಕೀವು ಕಂಡು ಒಮ್ಮೆಯೂ ಮೂಗು ಮುರಿಯದ ಹುಡುಗಿಗೆ, ಮನೆಗೆಲಸ ಮುಗಿಸಿ ಆಸ್ಪತ್ರೆಗೆ ಓಡುವವಳಿಗೆ, ತಾನು ಕೊಟ್ಟ ಉಡುಗೊರೆ ಇದೇ ಏನು?

ಅವರು ಅಡುಗೆಮನೆಗೆ ಹೋಗಿ ಕಟ್ಟೆಯ ಮೇಲೆ ಪಟಿಕದ ಕಲ್ಲನ್ನಿಟ್ಟರು.

"ಗಡ್ಡಕ್ಕೆ ಉಜ್ಜೋ ಕಲ್ಲನ್ನ ಇಲ್ಲಿ ಯಾಕ್ರೀ ತಂದು ಇಟ್ರಿ?" ಎಂದರು ಹೆಂಡತಿ.

"ದಿನಾ ಬೆಳಿಗ್ಗೆ ಇದನ್ನೇ ಉಜ್ತಿದ್ದೆ." ಮೇಷ್ಟ್ರು ಸೊಸೆಯನ್ನು ನೋಡದೆ ಕಲ್ಲನ್ನು ನೋಡುತ್ತ ಹೇಳಿದರು. "ನೀನು ಕಟ್ಟಿದ ಪಟ್ಟಿ ಬಿಚ್ಚಿ, ಜೇನು ತೊಳೆದು, ಉಜ್ಜಿ, ಒಣಗ್ಸಿ, ಮತ್ತೆ ನೀನು ಕಟ್ಟಿದ ಹಾಗೇ ಕಟ್ಕೊಳ್ತಿದ್ದೆ. ಒದ್ದೆ ಇದ್ರೆ ಕೊಳೆಯುತ್ತೆ ಅಂತ. ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲಮ್ಮ. ಸುಳ್ಳು ಹೇಳಿದ್ದು ನಾನು."

ಹೆಂಡತಿ ಮೊದಲು ಕಲ್ಲನ್ನು, ಆಮೇಲೆ ಗಂಡನನ್ನು ನೋಡಿದರು.

"ಊರಿಗೆಲ್ಲ ಬುದ್ಧಿ ಹೇಳೋ ಬಾಯಿ! ಬ್ಲೇಡು ಬದಲಾಯಿಸಿಲ್ಲ ಅಂತ ಪಕ್ಕದಂಗಡಿಯವನಿಗೆ ಬೆವರಿಳಿಸಿದ್ರಲ್ಲ, ಈಗ ನಿಮ್ಮನ್ನ ಯಾರು ಬೈಬೇಕು? ಆ ಹುಡುಗಿ ಮೂರು ದಿನದಿಂದ ತಟ್ಟೆ ಮುಂದೆ ಕೂತು ಎದ್ದು ಹೋಗ್ತಿದ್ದಾಳೆ! ಅಂಗಡೀಲಿ ಗಿರಾಕಿ ಇಲ್ದಾಗ ನಿಮ್ಮ ತಲೇನೂ ಉಜ್ಕೊಳ್ಳಿ ಅದರಲ್ಲಿ, ಒಳಗಿರೋ ಅಷ್ಟಿಷ್ಟೂ ಒಣಗ್ಲಿ!"

ಮೇಷ್ಟ್ರು ತಲೆ ತಗ್ಗಿಸಿ ನಿಂತರು. ಬೈಗುಳವನ್ನು ಕೊಟ್ಟೇ ಅಭ್ಯಾಸವಾಗಿದ್ದವರಿಗೆ ಅದನ್ನು ತೆಗೆದುಕೊಳ್ಳುವುದರಲ್ಲಿಯೂ ಒಂದು ಹಗುರವಿದೆಯೆಂದು ಆಗ ತಿಳಿಯಿತು. ಅವರಿಗೆ ಭಯವಿದ್ದದ್ದು ಸೊಸೆಯ ಮಾತಿನದು. ಅವಳು ಹತ್ತಿರ ಬಂದು ಕಲ್ಲನ್ನು ಕೈಗೆತ್ತಿಕೊಂಡಳು. ಅದರ ಒಂದು ಮಗ್ಗುಲು ತೇದು ನುಣುಪಾಗಿತ್ತು. ಬೆರಳಿನಿಂದ ಸವರಿ, ಬೆರಳಿಗಂಟಿದ ಬಿಳಿಯ ಪುಡಿಯನ್ನು ನೋಡಿದಳು.

"ಎಷ್ಟು ಉರಿದಿರ್ಬೇಕು ಮಾವ" ಎಂದಳು.

ಅವಳು ಹೇಳಿದ ಮೊದಲ ಮಾತು ಅದು. ಮೇಷ್ಟ್ರು ಆಗ ತಲೆಯೆತ್ತಿ ಅವಳ ಮುಖ ನೋಡಿದರು.

"ಕೂತ್ಕೊಳ್ಳಿ" ಎಂದು ಅವಳೇ ಮಣೆ ಸರಿಸಿದಳು. "ಗಲ್ಲದ ಗೀರು ಬೇರೆ ಮಾವ. ಅದರ ಬಾಯಿ ಮುಚ್ಚಿದ್ರೆ ಸಾಕು. ಇದು ತಳದಿಂದ ತುಂಬ್ಕೊಂಡು ಬರ್ಬೇಕು. ಹೊಸ ಚರ್ಮ ಎಳೇದು, ಅದು ತೇವದಲ್ಲೇ ಸರಿಯೋದು. ಜೇನು ಕ್ರಿಮಿ ಬೆಳೆಯೋಕೆ ಬಿಡದೆ ತೇವ ಕಾಯುತ್ತೆ. ಬಿಗಿ ಪಟ್ಟಿ ರಕ್ತಾನ ಮೇಲೆ ಕಳಿಸುತ್ತೆ. ಎರಡೂ ಸೇರಿದ್ರೇನೇ ಕೆಲಸ. ನೀವು ದಿನಾ ಬೆಳಿಗ್ಗೆ ಎದ್ದು ಎರಡನ್ನೂ ಬಿಚ್ಚಿ, ಎಳೇದನ್ನ ಸುಟ್ಟಿದ್ದೀರಿ." ಅವಳು ಎರಡೂ ಅಂಗೈಗಳನ್ನು ಮುಂದೆ ಹಿಡಿದು, ಬೇರೆಯವರ ಕೈಗಳೋ ಎಂಬಂತೆ ನೋಡಿಕೊಂಡಳು. "ಅಂದ್ರೆ ನನ್ನ ಕೈಯಲ್ಲಿ ತಪ್ಪಿಲ್ಲ! ಅತ್ತೆ, ನನ್ನ ಕೈ ಸರಿಯಾಗೇ ಇದೆ!"

ಅಳುತ್ತಳುತ್ತಲೇ ಅವಳಿಗೆ ನಗು ಬಂತು. "ನೀವು ಹೇಳ್ದೇ ಇದ್ದಿದ್ರೆ ನಾನು ಈ ಕೆಲಸಾನೇ ಬಿಡ್ತಿದ್ದೆ ಮಾವ. ಹೇಳಿದ್ರಲ್ಲ, ಅಷ್ಟೇ ಸಾಕು."

"ಮೊದಲು ಇಬ್ಬರೂ ಊಟ ಮಾಡಿ" ಎಂದು ಹೆಂಡತಿ ಇಬ್ಬರ ಮುಂದೆಯೂ ತಟ್ಟೆಯನ್ನು ಸದ್ದು ಮಾಡಿ ಇಟ್ಟರು.

ಅಂದೇ ಸಂಜೆ ಮೇಷ್ಟ್ರು ಡಾಕ್ಟರ ಕೋಣೆಗೆ ಹೋಗಿ, ನಿಂತುಕೊಂಡು, ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದರು. ಡಾಕ್ಟರು ಕನ್ನಡಕ ತೆಗೆದು ಒರೆಸಿ, "ಹಾಗಾದ್ರೆ ಈ ಚಿಕಿತ್ಸೆ ಶುರುವಾಗೋದು ಇವತ್ತಿನಿಂದ" ಎಂದಷ್ಟೇ ಅಂದರು. ದೊಡ್ಡಾಸ್ಪತ್ರೆಯ ಗಡುವು ಮುಂದಕ್ಕೆ ಹೋಯಿತು. ಆದರೆ ಒಂದು ಷರತ್ತು: ನಿಂತು ಕೆಲಸ ಮಾಡಕೂಡದು. ಮರುದಿನ ಬಟ್ಟೆ ವ್ಯಾಪಾರಿ ಬೆಂಚಿನಲ್ಲಿದ್ದಾಗಲೇ, ಎಲ್ಲರಿಗೂ ಕೇಳುವಂತೆ, "ನಿನ್ನೆ ನೀವು ತಪ್ಪು ಎಲ್ಲಿದೆ ಅಂತ ಕೇಳಿದ್ರಿ. ಇಲ್ಲಿತ್ತು" ಎಂದು ಮೇಷ್ಟ್ರು ತಮ್ಮ ಎದೆಯನ್ನು ಕತ್ತರಿಯ ಹಿಡಿಯಿಂದ ಮುಟ್ಟಿ ತೋರಿಸಿದರು. "ಆ ಹುಡುಗಿ ಕೈ ಬಂಗಾರ. ಇನ್ನೊಂದು ಸಲ ಅದರ ಬಗ್ಗೆ ಮಾತಾಡಿದ್ರೆ ಅರ್ಧ ಮೀಸೇಲಿ ಕಳಿಸ್ತೀನಿ." ವ್ಯಾಪಾರಿ ಕರವಸ್ತ್ರವನ್ನು ಜೇಬಿಗಿಳಿಸಿದ.

ಕುಳಿತು ಕ್ಷೌರ ಮಾಡುವುದು ಮೇಷ್ಟ್ರ ದೃಷ್ಟಿಯಲ್ಲಿ ಗಿರಾಕಿಗೆ ಅಗೌರವ. ಆ ತಕರಾರನ್ನು ಬಗೆಹರಿಸಿದವನು ರೇಡಿಯೊ. ತನ್ನ ಮನೆಯ ಎತ್ತರದ ಸ್ಟೂಲನ್ನು ತಲೆಯ ಮೇಲೆ ಹೊತ್ತು ತಂದು ಕುರ್ಚಿಯ ಪಕ್ಕದಲ್ಲಿ ಕುಕ್ಕಿದ. ಎಡಗಾಲಿಗೆಂದು ಇನ್ನೊಂದು ಪುಟ್ಟ ಪೀಠವನ್ನೂ ಇಟ್ಟ.

"ನೀನು ನನ್ನ ಸುತ್ತ ತಿರುಗಿದ್ದು ಸಾಕು ಗುರುವೇ. ಇನ್ನು ನಾವೇ ತಿರುಗ್ತೀವಿ. ಕುರ್ಚಿಗೆ ಚಕ್ರ ಇರೋದು ಮತ್ಯಾಕೆ?"

ಹಾಗೆ ಒಂದು ಹೊಸ ಪದ್ಧತಿ ಆರಂಭವಾಯಿತು. ಮೇಷ್ಟ್ರು ಸಿಂಹಾಸನದಲ್ಲಿ ಕುಳಿತವರಂತೆ ಕುಳಿತಿರುವುದು. ಬೆಂಚಿನಲ್ಲಿದ್ದವರು ಸರದಿಯಂತೆ ಎದ್ದು ಗಿರಾಕಿಯ ಕುರ್ಚಿಯನ್ನು ತಿರುಗಿಸುವುದು. ರೇಡಿಯೊ ಇದ್ದ ದಿನ "ರೈಟ್, ರೈಟ್! ಕಿವಿ ನಿಲ್ದಾಣ, ಇಳಿಯೋರು ಇಳೀರಿ!" ಎಂಬ ಕೂಗು ಬೀದಿಗೆ ಕೇಳಿಸುತ್ತಿತ್ತು. ಪ್ರಪಂಚದಲ್ಲಿ ಒಳ್ಳೆಯತನ ಸತ್ತಿದೆ ಎಂದು ಕತ್ತರಿಯ ತಾಳಕ್ಕೆ ಸಾರುತ್ತಿದ್ದ ಮೇಷ್ಟ್ರು, ಆ ವಾಕ್ಯವನ್ನು ಯಾವಾಗ ಬಿಟ್ಟರೆಂದು ಅವರಿಗೇ ತಿಳಿಯಲಿಲ್ಲ.

ನಿಜ ಒಪ್ಪಿಕೊಂಡ ಕೂಡಲೇ ಹುಣ್ಣು ಮಾಯಲಿಲ್ಲ. ಮೊದಲು ಬೂದುಬಣ್ಣ ಕರಗಿ ತಳ ಕೆಂಪಾಯಿತು. ನಡುವೆ ಒಂದು ವಾರ ಮತ್ತೆ ಕೀವು ಕಟ್ಟಿ ಎಲ್ಲರನ್ನೂ ಹೆದರಿಸಿತು. ಪಟ್ಟಿಯ ಕೆಳಗೆ ತೇವ ಜಿನುಗಿದ ಪ್ರತಿ ಬೆಳಿಗ್ಗೆಯೂ ಮೇಷ್ಟ್ರ ಕೈ ತಾನಾಗಿ ಕೆಳಗಿಳಿಯುತ್ತಿತ್ತು. ಆಗೆಲ್ಲ ಅವರು ಒಂದು ಬ್ರಷ್ಷನ್ನೋ ಬಟ್ಟೆಯನ್ನೋ ತೆಗೆದುಕೊಂಡು, ಒಣಗಿದ್ದನ್ನೇ ಮತ್ತೆ ಒಣಗಿಸುತ್ತ ಕೂರುತ್ತಿದ್ದರು. ಪಟಿಕದ ಕಲ್ಲು ಜೇಬಿನಿಂದ ಹೊರಬಿದ್ದು, ಗೀರು ಬಿದ್ದ ಗಲ್ಲಗಳಿಗಾಗಿ, ಕನ್ನಡಿಯ ಕೆಳಗಿನ ತನ್ನ ಜಾಗಕ್ಕೆ ಮರಳಿತ್ತು.

ಕೊನೆಗೊಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಸೊಸೆ ಆಸ್ಪತ್ರೆಯಿಂದ ನೇರವಾಗಿ ಅಂಗಡಿಗೆ ಬಂದಳು.

"ಇವತ್ತು ಗಿರಾಕಿ ಕುರ್ಚೀಲಿ ನೀವು ಕೂತ್ಕೊಳ್ಳಿ ಮಾವ."

ಮೇಷ್ಟ್ರು ತಮ್ಮದೇ ಕುರ್ಚಿಯಲ್ಲಿ ಸಂಕೋಚದಿಂದ ಕುಳಿತರು. ಅವಳು ಪುಟ್ಟ ಪೀಠದ ಮೇಲೆ ಅವರ ಕಾಲಿರಿಸಿ, ಸುತ್ತು ಸುತ್ತಾಗಿ ಪಟ್ಟಿಯನ್ನು ಬಿಚ್ಚಿದಳು. ಆಮೇಲೆ ಗೋಡೆಯ ಮೊಳೆಯಿಂದ ಕೈಗನ್ನಡಿಯನ್ನು ತೆಗೆದಳು. ಕುತ್ತಿಗೆಯ ಹಿಂಭಾಗ ಸರಿಯಾಗಿದೆಯೇ ಎಂದು ಗಿರಾಕಿಗಳಿಗೆ ತೋರಿಸುವ ಕನ್ನಡಿ ಅದು. ಅದನ್ನು ಕಾಲಿನ ಒಳಮಗ್ಗುಲಿಗೆ ಹಿಡಿದಳು.

"ನೋಡ್ಕೊಳ್ಳಿ. ಎಲ್ಲಾದ್ರೂ ಇನ್ನೂ ಸ್ವಲ್ಪ ತೆಗೀಬೇಕಾ?" ಎಂದು ಅವರದೇ ದನಿಯಲ್ಲಿ ಕೇಳಿದಳು.

ಕನ್ನಡಿಯಲ್ಲಿ ಹುಣ್ಣಿರಲಿಲ್ಲ. ಅದಿದ್ದ ಜಾಗದಲ್ಲಿ ಈರುಳ್ಳಿಯ ಒಳಪದರದಂಥ ತೆಳುವಾದ, ನಸುಗೆಂಪಿನ, ಹೊಳೆಯುವ ಚರ್ಮವಿತ್ತು. ಮೇಷ್ಟ್ರು ಬಹಳ ಹೊತ್ತು ನೋಡಿದರು.

"ಇನ್ನು ಜೇನು ಬೇಡ. ಆದ್ರೆ ಬಿಗಿಯಾದ ಕಾಲುಚೀಲ ಮಾತ್ರ ದಿನಾ ಹಾಕ್ಕೋಬೇಕು, ಬಿಟ್ರೆ ಮತ್ತೆ ಬರುತ್ತೆ. ತಂದಿದ್ದೀನಿ, ಇರಿ" ಎಂದು ಅವಳು ತನ್ನ ಚೀಲದೊಳಗೆ ಕೈಯಿಟ್ಟಳು. "ಅಯ್ಯೋ!" ಎಂದು ಹೊರಗೆ ತೆಗೆದಾಗ ಐದು ಬೆರಳಿಗೂ ಜೇನು. ಉಳಿದಿದ್ದ ಟ್ಯೂಬಿನ ಮುಚ್ಚಳ ಕಳಚಿ ಚೀಲದಲ್ಲೆಲ್ಲ ಸೋರಿತ್ತು. ಪುಣ್ಯಕ್ಕೆ ಕಾಲುಚೀಲ ಪೊಟ್ಟಣದೊಳಗಿತ್ತು. "ಮನೆಗೆ ಹೋಗೋವರೆಗೂ ಇರುವೆ ಮೆರವಣಿಗೆ ಬರುತ್ತೆ ನನ್ನ ಹಿಂದೆ."

ಮೇಷ್ಟ್ರು ಎದ್ದರು. ಮರುದಿನದ ಮೊದಲ ಗಿರಾಕಿಗೆಂದು ಮೀಸಲಿಟ್ಟಿದ್ದ ಬಿಳಿಯ ಬಟ್ಟೆಯನ್ನು ತಂತಿಯಿಂದ ತೆಗೆದು, ಬಿಸಿನೀರಿನಲ್ಲಿ ಅದ್ದಿ, ಹಿಂಡಿದರು. ಸೊಸೆಯ ಕೈಯನ್ನು ತಮ್ಮ ಅಂಗೈಯಲ್ಲಿರಿಸಿಕೊಂಡು ಹೆಬ್ಬೆರಳಿನಿಂದ ಆರಂಭಿಸಿದರು. ಒಂದೊಂದೇ ಬೆರಳು, ಬೆರಳುಗಳ ನಡುವಿನ ಸಂದು, ಉಗುರಿನ ಅಂಚು. ಅವಳು "ನಾನೇ ತೊಳ್ಕೋತೀನಿ ಮಾವ" ಎಂದು ಕೈ ಎಳೆದುಕೊಳ್ಳಲು ನೋಡಿದಳು.

"ಎಳ್ಕೋಬೇಡ" ಎಂದರು ಅವರು. "ಇಲ್ಲಿ ನಾನು ಮಾವ ಅಲ್ಲ."

ಒರೆಸಿ ಮುಗಿಸಿ, ಅಭ್ಯಾಸಬಲದಿಂದ ಹೆಗಲ ಮೇಲಿನ ಒಣಬಟ್ಟೆಯನ್ನು ಕೈಗೆ ತೆಗೆದುಕೊಂಡರು. ಸೊಸೆ ಅಷ್ಟರಲ್ಲಿ ಎರಡು ಹೆಜ್ಜೆ ಬಾಗಿಲ ಕಡೆಗೆ ಹೋಗಿ, ಬೀದಿಯ ಬಿಸಿಲಿಗೆ ಬೆರಳುಗಳನ್ನು ಬಿಡಿಸಿ ಹಿಡಿದಿದ್ದಳು. ಒದ್ದೆ ಬೆರಳ ತುದಿಗಳು ಹೊಳೆಯುತ್ತಿದ್ದವು. ಮೇಷ್ಟ್ರು ಒಣಬಟ್ಟೆಯನ್ನು ಮಡಿಸಿ ಮತ್ತೆ ಹೆಗಲಿಗೆ ಹಾಕಿಕೊಂಡು, ಸ್ಟೂಲಿನ ಮೇಲೆ ಕುಳಿತು, ಆ ಕೈಯನ್ನು ನೋಡುತ್ತಿದ್ದರು.